ಕೂಸು ಯಾರ ಕೈಯಲ್ಲಿ?



ತಾಯಿ ಕಳೆ ತೆಗೆಯಲು, ಬೀಡಿ ಕಟ್ಟಲು, ಚಹಾ ಎಲೆ ಕೀಳಲು ಹೊರಟಾಗ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: ಕೂಸನ್ನು ಯಾರು ನೋಡಿಕೊಳ್ಳುತ್ತಾರೆ? ಅಕ್ಕಲಕೋಟೆಯಾಗಲಿ, ತಾಳವಾಡಿಯಾಗಲಿ, ಕಾಸರಗೋಡಾಗಲಿ, ಈ ಪ್ರಶ್ನೆ ತಪ್ಪಿದ್ದಲ್ಲ. ಉತ್ತರಗಳು ಮಾತ್ರ ಹಲವು. ಅವನ್ನು ಇಂದು ಒಂದೊಂದಾಗಿ ತೂಗಿ ನೋಡೋಣ.

ಮೊದಲನೆಯದು ಅಜ್ಜಿಯ ಮಡಿಲು. ಮೂರು ವರ್ಷದೊಳಗಿನ ಮಗುವಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದದ್ದು ದಿನವೂ ಕಾಣುವ ಮುಖ, ಅತ್ತರೆ ಓಗೊಡುವ ದನಿ. ಅದು ಅಜ್ಜಿಯಲ್ಲಿದೆ. ಹಾಡು, ಕಥೆ, ಗಾದೆ ಎಲ್ಲವೂ ಅವಳ ಜೊತೆಗೇ ಬರುತ್ತವೆ. ಆದರೆ ನಡೆಯಲು ಕಲಿತ ಮಗು ಬಾವಿಯ ಕಡೆಗೂ ಓಡುತ್ತದೆ, ಒಲೆಯ ಕಡೆಗೂ ಓಡುತ್ತದೆ. ವಯಸ್ಸಾದ ಕಾಲುಗಳಿಗೆ ಅದರ ಹಿಂದೆ ಓಡುವುದು ಕಷ್ಟ. ಇನ್ನೊಂದು ಮಾತು: ಮೊದಲ ಆರು ತಿಂಗಳು ತಾಯಿಯ ಹಾಲು ಮಾತ್ರ ಸಾಕು, ಜೇನುತುಪ್ಪ ನೆಕ್ಕಿಸುವುದು ಬೇಡ. ಇದನ್ನು ಅಜ್ಜಿಗೆ ಪ್ರೀತಿಯಿಂದಲೇ ತಿಳಿಸಿ ಹೇಳಬೇಕು.

ಎರಡನೆಯದು ಅಕ್ಕನ ಸೊಂಟ. ಎಂಟು ವರ್ಷದ ಹುಡುಗಿ ಶಾಲೆ ಬಿಟ್ಟು ತಮ್ಮನನ್ನು ಎತ್ತಿಕೊಂಡು ತಿರುಗುವುದನ್ನು ನೀವೆಲ್ಲ ಕಂಡಿದ್ದೀರಿ. ಇದಕ್ಕೆ ದುಡ್ಡು ಬೀಳುವುದಿಲ್ಲ ಎಂದು ತೋರುತ್ತದೆ. ನಿಜಕ್ಕೂ ಇದಕ್ಕಿಂತ ದುಬಾರಿ ವ್ಯವಸ್ಥೆ ಇನ್ನೊಂದಿಲ್ಲ. ಅಕ್ಕನ ಓದು ಹೋಯಿತು. ತಮ್ಮನನ್ನು ನೋಡಿಕೊಳ್ಳುವ ತಿಳಿವಳಿಕೆಯೂ ಅವಳಿಗಿನ್ನೂ ಬಂದಿಲ್ಲ. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕು ಎಂದು 2009ರ ಕಾಯಿದೆಯೇ ಹೇಳುತ್ತದೆ.

ಮೂರನೆಯದು ಶಿಶುಪಾಲನಾ ಕೇಂದ್ರ; ಸೊಲ್ಲಾಪುರದ ಕಡೆಯವರಿಗೆ ‘ಪಾಳಣಾಘರ’ ಎಂದರೆ ಬೇಗ ತಿಳಿದೀತು. 50 ಅಥವಾ ಹೆಚ್ಚು ಹೆಂಗಸರು ದುಡಿಯುವ ತೋಟಗಳಲ್ಲಿ ಇಂಥದೊಂದು ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯಿದೆ ವಿಧಿಸಿತ್ತು. ಕೆಲಸದ ಹತ್ತಿರವೇ ಇದ್ದರೆ ತಾಯಿ ನಡುವೆ ಬಂದು ಹಾಲೂಡಿಸಬಹುದು, ಇದೇ ಇದರ ದೊಡ್ಡ ಗುಣ. ಆದರೆ ಒಬ್ಬಳೇ ಆಯಾ, ಮಕ್ಕಳು ಇಪ್ಪತ್ತು ಎಂದಾದರೆ ಕೂಸಿಗೆ ಸಿಗುವುದು ನೆರಳು ಮಾತ್ರ, ಆರೈಕೆಯಲ್ಲ.

ನಾಲ್ಕನೆಯದು ಅಂಗನವಾಡಿ. 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕುಗಳಲ್ಲಿ ಮೊದಲಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಕೇಂದ್ರಗಳಿವು. ಆರು ತಿಂಗಳಿಂದ ಮೂರು ವರ್ಷದವರೆಗಿನ ಮಕ್ಕಳಿಗೆ ಮನೆಗೆ ಒಯ್ಯುವ ಆಹಾರ. ಮೂರರಿಂದ ಆರು ವರ್ಷದವರಿಗೆ ಬಿಸಿಯೂಟ, ಆಟ, ಪಾಠ. ಜೊತೆಗೆ ತೂಕ, ಚುಚ್ಚುಮದ್ದು. ಆದರೆ ಕೂಲಿಯ ಹೊತ್ತು ಮುಗಿಯುವ ಮೊದಲೇ ಅಂಗನವಾಡಿಯ ಬಾಗಿಲು ಹಾಕುತ್ತದೆ. 2022ರಿಂದ ‘ಪಾಲ್ನಾ’ ಯೋಜನೆಯಡಿ ಅಂಗನವಾಡಿಯಲ್ಲೇ ಪಾಲನಾ ಕೇಂದ್ರ ನಡೆಸಲು ಅವಕಾಶವಿದೆ. ನಿಮ್ಮೂರಿಗೂ ಬೇಕೆಂದು ಪಂಚಾಯತಿಯಲ್ಲಿ ಕೇಳಿ.

ಇನ್ನು ವ್ಯಾನಿನಲ್ಲಿ ಹೋಗುವ ನರ್ಸರಿ, ಎಲ್‌ಕೆಜಿ. ಬೂಟು, ಟೈ ಕಂಡು ಮರುಳಾಗಬೇಡಿ. ಮೂರು ವರ್ಷದ ಮಗು ಕಲಿಯುವುದು ಆಡುತ್ತ. ಕಾಪಿ ಬರೆಯುತ್ತ ಅಲ್ಲ.

ಗಡಿಯವರಾದ ನಮಗೆ ಇನ್ನೊಂದು ಚಿಂತೆ ಇದೆ. ಅಂಗನವಾಡಿಯಲ್ಲಿ ಮರಾಠಿ, ಮಲಯಾಳಂ, ತಮಿಳು, ಇಲ್ಲವೇ ತೆಲುಗು; ಮಗು ಗೊಂದಲಕ್ಕೆ ಬಿದ್ದೀತೇ? ಬೀಳದು. ಎಳೆಯ ಮಕ್ಕಳು ಎರಡು ಭಾಷೆಯನ್ನೂ ಸಲೀಸಾಗಿ ಹಿಡಿಯುತ್ತಾರೆ. ‘ಅಲ್ಲಿಯ ಮಾತು ಬೇಗ ಬರಲಿ’ ಎಂದು ನಾವೇ ಮನೆಯಲ್ಲಿ ಕನ್ನಡ ನಿಲ್ಲಿಸಿದರೆ ಮಾತ್ರ ನಷ್ಟ. ಅಲ್ಲಿ ಆ ಭಾಷೆ, ಇಲ್ಲಿ ಅಜ್ಜಿಯ ಕನ್ನಡ. ಮಗುವಿಗೆ ಎರಡೂ ಸಿಗಲಿ.

ಒಟ್ಟಿನಲ್ಲಿ, ಯಾವುದಾದರೂ ಒಂದನ್ನೇ ನೆಚ್ಚಬೇಕಾಗಿಲ್ಲ. ಮೂರರೊಳಗೆ ಪರಿಚಯದ ಮಡಿಲು, ಮೂರರ ಮೇಲೆ ಬೆಳಗ್ಗೆ ಅಂಗನವಾಡಿ, ಮಧ್ಯಾಹ್ನ ಅಜ್ಜಿ. ಅಜ್ಜಿ ಇಲ್ಲದ ಮನೆಯವರು ನಾಲ್ಕು ಮನೆ ಸೇರಿ ಒಬ್ಬ ನಂಬಿಕೆಯ ಹೆಂಗಸಿಗೆ ಹಣ ಕೊಟ್ಟು ಒಪ್ಪಿಸಬಹುದು. ಎಲ್ಲಿ ಬಿಟ್ಟರೂ ಮೊದಲು ಅರ್ಧ ಗಂಟೆ ಅಲ್ಲಿ ಕುಳಿತು ನೋಡಿ. ನೀರು ಶುಚಿಯಾಗಿದೆಯೇ? ಬಾಗಿಲಾಚೆ ಅಪಾಯವಿದೆಯೇ? ಅತ್ತ ಮಗುವನ್ನು ಯಾರಾದರೂ ಎತ್ತಿಕೊಂಡರೇ? ಈ ಮೂರಕ್ಕೆ ಒಳ್ಳೆಯ ಉತ್ತರ ಸಿಕ್ಕರೆ ನೆಮ್ಮದಿಯಿಂದ ಕೆಲಸಕ್ಕೆ ಹೋಗಿ. ಅಕ್ಕನ ಕೈಗೆ ಪಾಟಿಚೀಲ ಕೊಡಿ.