ನಂಜನಗೂಡು ರಸಬಾಳೆ

ನಂಜನಗೂಡು ರಸಬಾಳೆಯು ಕರ್ನಾಟಕದ ಮೈಸೂರು ಜಿಲ್ಲೆಯ ನಂಜನಗೂಡು ತಾಲ್ಲೂಕು ಹಾಗೂ ಅದರ ಸುತ್ತಮುತ್ತ ಬೆಳೆಯಲಾಗುವ ಸಾಂಪ್ರದಾಯಿಕ ಬಾಳೆ ತಳಿ. ತೆಳುವಾದ ಸಿಪ್ಪೆ, ಬಿಳಿಯ ತಿರುಳು, ಸಿಹಿಯೊಡನೆ ಬೆರೆತ ನಸುಹುಳಿ ಮತ್ತು ಪರಿಮಳ ಇದರ ಹಣ್ಣಿನ ಮುಖ್ಯ ಲಕ್ಷಣಗಳು. 2005–06ರಲ್ಲಿ ಈ ಹಣ್ಣಿಗೆ ಭೌಗೋಳಿಕ ಸೂಚನೆಯ ಮಾನ್ಯತೆ ದೊರೆಯಿತು. ಒಂದು ಕಾಲದಲ್ಲಿ ತಾಲ್ಲೂಕಿನ ಪ್ರಮುಖ ತೋಟದ ಬೆಳೆಯಾಗಿದ್ದ ರಸಬಾಳೆಯ ಬೇಸಾಯವು ಪನಾಮಾ ಸೊರಗು ರೋಗದ ಕಾರಣದಿಂದ ಬಹಳ ಕುಗ್ಗಿದೆ. ತಳಿಯ ಹೆಸರಿಗೆ ಕಾನೂನಿನ ರಕ್ಷಣೆ ಇದ್ದರೂ ಗಿಡದ ಉಳಿವು ರೋಗವಿಲ್ಲದ ಕಂದು ಮತ್ತು ರೋಗವಿಲ್ಲದ ಮಣ್ಣನ್ನು ಅವಲಂಬಿಸಿದೆ.

## ಸಸ್ಯದ ಸ್ವರೂಪ

ಆಡುಮಾತಿನಲ್ಲಿ ‘ಬಾಳೆಮರ’ ಎನ್ನುವ ರೂಢಿ ಇದ್ದರೂ ಸಸ್ಯಶಾಸ್ತ್ರದ ಪ್ರಕಾರ ಬಾಳೆ ಮರವಲ್ಲ. ಅದು ಮ್ಯೂಸೇಸಿ ಕುಟುಂಬಕ್ಕೆ ಸೇರಿದ, ಹಲವು ವರ್ಷ ಬಾಳುವ ದೊಡ್ಡ ಮೂಲಿಕೆ. ಮರಗಳ ಕಾಂಡದಲ್ಲಿ ವರ್ಷದಿಂದ ವರ್ಷಕ್ಕೆ ಬಲಿಯುವ ಕಟ್ಟಿಗೆ ಬಾಳೆಯಲ್ಲಿ ಉಂಟಾಗುವುದಿಲ್ಲ. ಕಾಂಡದಂತೆ ಕಾಣುವ ಭಾಗವು ಒಂದರ ಮೇಲೊಂದು ಬಿಗಿಯಾಗಿ ಸುತ್ತಿಕೊಂಡ ಎಲೆಗಳ ಬುಡಗಳಿಂದ, ಅಂದರೆ ಬಾಳೆಪಟ್ಟೆಗಳಿಂದ ರೂಪುಗೊಂಡಿರುತ್ತದೆ. ಇದನ್ನು ಮಿಥ್ಯಾಕಾಂಡ ಎನ್ನುತ್ತಾರೆ. ನಿಜವಾದ ಕಾಂಡವು ನೆಲದೊಳಗಿನ ಗೆಡ್ಡೆ.

ಗಿಡವು ಹೂಬಿಡುವ ಹಂತಕ್ಕೆ ಬಂದಾಗ ಗೆಡ್ಡೆಯ ತುದಿಯಿಂದ ಹೊರಟ ಹೂದಂಡು ಮಿಥ್ಯಾಕಾಂಡದ ನಡುವಿನಿಂದ ಮೇಲೇರಿ ಹೊರಬರುತ್ತದೆ. ಅಡುಗೆಗೆ ಬಳಸುವ ಬಾಳೆದಿಂಡು ಈ ದಂಡಿನ ಒಳಭಾಗವೇ. ಒಂದು ಗಿಡ ಒಂದೇ ಗೊನೆ ಕೊಟ್ಟು ಸಾಯುತ್ತದೆ. ಆದರೆ ಗೆಡ್ಡೆಯ ಪಕ್ಕದಿಂದ ಏಳುವ ಕಂದುಗಳು ಅದರ ಸ್ಥಾನವನ್ನು ತುಂಬುತ್ತವೆ.

ಬೇಸಾಯದ ಬಾಳೆಗಳು ಮ್ಯೂಸಾ ಅಕ್ಯುಮಿನೇಟಾ ಮತ್ತು ಮ್ಯೂಸಾ ಬಾಲ್ಬಿಸಿಯಾನಾ ಎಂಬ ಎರಡು ಕಾಡುಬಾಳೆಗಳಿಂದ ಬಂದವು. ಮೊದಲನೆಯದರ ವರ್ಣತಂತುಗಳ ಗಣವನ್ನು ‘ಎ’ ಎಂದೂ ಎರಡನೆಯದರದ್ದನ್ನು ‘ಬಿ’ ಎಂದೂ ಸೂಚಿಸುತ್ತಾರೆ. ರಸಬಾಳೆಯು ‘ಎಎಬಿ’ ಗುಂಪಿನ ‘ಸಿಲ್ಕ್’ ಉಪಗುಂಪಿಗೆ ಸೇರುತ್ತದೆ. ಮೂರು ಗಣಗಳಿರುವುದರಿಂದ ಇದರಲ್ಲಿ ಒಟ್ಟು 33 ವರ್ಣತಂತುಗಳಿವೆ. ಇಂಥ ಗಿಡದಲ್ಲಿ ಬೀಜ ಸಾಮಾನ್ಯವಾಗಿ ಕಟ್ಟುವುದಿಲ್ಲ. ಪರಾಗಸ್ಪರ್ಶವಿಲ್ಲದೆಯೇ ಕಾಯಿ ಬಲಿಯುತ್ತದೆ. ಹಣ್ಣನ್ನು ಕೊಯ್ದಾಗ ನಡುವೆ ಕಾಣುವ ಸಣ್ಣ ಕಪ್ಪು ಚುಕ್ಕೆಗಳು ಬೀಜವಾಗದೆ ಉಳಿದ ಅಂಡಕಗಳು.

ಬೀಜವಿಲ್ಲದ ಕಾರಣ ರಸಬಾಳೆಯನ್ನು ಕಂದುಗಳಿಂದಲೇ ವೃದ್ಧಿಸಬೇಕು. ಪ್ರತಿಯೊಂದು ಕಂದೂ ತಾಯಿಗಿಡದ ತುಣುಕೇ ಆಗಿರುವುದರಿಂದ ತಳಿಯ ರುಚಿ, ಪರಿಮಳಗಳು ತಲೆಮಾರಿನಿಂದ ತಲೆಮಾರಿಗೆ ಬದಲಾಗದೆ ಉಳಿಯುತ್ತವೆ. ಅದೇ ಕಾರಣಕ್ಕೆ ಒಂದು ಗಿಡವನ್ನು ಕೊಲ್ಲುವ ರೋಗವು ಆ ತಳಿಯ ಎಲ್ಲ ಗಿಡಗಳನ್ನೂ ಕೊಲ್ಲಬಲ್ಲದು.

## ಹೆಸರುಗಳು

ಸಿಲ್ಕ್ ಉಪಗುಂಪಿನ ಬಾಳೆ ಭಾರತದ ಬೇರೆ ಬೇರೆ ಭಾಗಗಳಲ್ಲಿ ಬೇರೆ ಬೇರೆ ಹೆಸರು ಪಡೆದಿದೆ. ತಮಿಳುನಾಡಿನಲ್ಲಿ ರಸ್ತಾಳಿ, ಆಂಧ್ರಪ್ರದೇಶದಲ್ಲಿ ಅಮೃತಪಾಣಿ, ಬಿಹಾರ ಮತ್ತು ಅಸ್ಸಾಂನಲ್ಲಿ ಮಾಲ್‌ಭೋಗ್, ಪಶ್ಚಿಮ ಬಂಗಾಳದಲ್ಲಿ ಮರ್ತಮಾನ್ ಎನ್ನುತ್ತಾರೆ. ಬ್ರೆಜಿಲಿನಲ್ಲಿ ಇದೇ ಉಪಗುಂಪಿನ ಹಣ್ಣಿಗೆ ‘ಸೇಬುಬಾಳೆ’ ಎಂಬರ್ಥದ ಹೆಸರಿದೆ.

ಹೆಸರುಗಳಿಂದ ಗೊಂದಲವೂ ಉಂಟಾಗುತ್ತದೆ. ಕೇರಳದಲ್ಲಿ ಪೂವನ್ ಎಂದು ಕರೆಯುವುದು ಸಿಲ್ಕ್ ಉಪಗುಂಪಿನ ಬಾಳೆಯನ್ನು. ತಮಿಳುನಾಡಿನ ಪೂವನ್ ಬೇರೊಂದು ಉಪಗುಂಪಿಗೆ ಸೇರಿದ್ದು. ಆ ಉಪಗುಂಪಿಗೆ ಸಸ್ಯಶಾಸ್ತ್ರದಲ್ಲಿ ‘ಮೈಸೂರು’ ಎಂಬ ಹೆಸರಿದೆ. ಹೀಗಾಗಿ ಗ್ರಂಥಗಳಲ್ಲಿ ಕಾಣುವ ‘ಮೈಸೂರು ಬಾಳೆ’ಯೂ ಮೈಸೂರು ಜಿಲ್ಲೆಯ ರಸಬಾಳೆಯೂ ಒಂದೇ ಅಲ್ಲ.

## ಗುರುತಿಸುವಿಕೆ

ಬಾಳೆಯ ಗುಂಪನ್ನು ಗಿಡದ ಹೊರಲಕ್ಷಣಗಳಿಂದಲೇ ನಿರ್ಧರಿಸುವ ಕ್ರಮವೊಂದನ್ನು ಸಿಮ್ಮಂಡ್ಸ್ ಮತ್ತು ಶೆಫರ್ಡ್ ಎಂಬ ವಿಜ್ಞಾನಿಗಳು 1955ರಲ್ಲಿ ಪ್ರಕಟಿಸಿದರು. ಮಿಥ್ಯಾಕಾಂಡದ ಬಣ್ಣ, ಎಲೆತೊಟ್ಟಿನ ಕಾಲುವೆಯ ಆಕಾರ, ಬಾಳೆಹೂವಿನ ಹೊರಪೊರೆಗಳ ಆಕಾರ ಮತ್ತು ಬಣ್ಣ ಮೊದಲಾದ 15 ಲಕ್ಷಣಗಳಿಗೆ 1ರಿಂದ 5ರವರೆಗೆ ಅಂಕ ನೀಡಲಾಗುತ್ತದೆ. ಒಟ್ಟು ಅಂಕ 15ಕ್ಕೆ ಹತ್ತಿರವಾದರೆ ಗಿಡವು ಅಕ್ಯುಮಿನೇಟಾದ ಕಡೆಗೆ, 75ಕ್ಕೆ ಹತ್ತಿರವಾದರೆ ಬಾಲ್ಬಿಸಿಯಾನಾದ ಕಡೆಗೆ ವಾಲುತ್ತದೆ. ರಸಬಾಳೆ ಇವುಗಳ ನಡುವೆ ಬರುತ್ತದೆ.

ತೋಟದಲ್ಲಿ ಮತ್ತು ಮಾರುಕಟ್ಟೆಯಲ್ಲಿ ರಸಬಾಳೆಯನ್ನು ಗುರುತಿಸಲು ಈ ಕೆಳಗಿನ ಲಕ್ಷಣಗಳು ನೆರವಾಗುತ್ತವೆ:

- ಮಿಥ್ಯಾಕಾಂಡವು ಹಳದಿ ಬೆರೆತ ಹಸಿರು ಬಣ್ಣದ್ದು. ಅದರ ಮೇಲೆ ಕಂದು ಮಚ್ಚೆಗಳಿರುತ್ತವೆ.
- ಎಲೆತೊಟ್ಟಿನ ಅಂಚು ನಸುಗೆಂಪು.
- ಮಾಗಿದ ಹಣ್ಣಿನ ಸಿಪ್ಪೆ ತೆಳು, ಬಣ್ಣ ಹೊಂಬಣ್ಣ.
- ತಿರುಳು ಬಿಳಿ, ಮೃದು. ಪೂರ್ಣ ಮಾಗುವವರೆಗೆ ಒಗರು ಉಳಿದಿರುತ್ತದೆ.
- ಹೆಚ್ಚು ಮಾಗಿದ ಹಣ್ಣು ಚಿಪ್ಪಿನಿಂದ ಕಳಚಿ ಬೀಳುತ್ತದೆ.

ಕರ್ನಾಟಕದ ಮಾರುಕಟ್ಟೆಗಳಲ್ಲಿ ಸಾಮಾನ್ಯವಾದ ಏಲಕ್ಕಿ ಬಾಳೆಯು ‘ಎಬಿ’ ಗುಂಪಿನದು; ಅದರ ಹಣ್ಣು ರಸಬಾಳೆಗಿಂತ ಚಿಕ್ಕದು. ಪಚ್ಚಬಾಳೆಯು ‘ಎಎಎ’ ಗುಂಪಿನ ಕ್ಯಾವೆಂಡಿಷ್ ಬಾಳೆ. ಅದರ ಹಣ್ಣು ಉದ್ದವಾಗಿ ಬಾಗಿದ್ದು, ಮಾಗಿದಾಗಲೂ ಸಿಪ್ಪೆಯಲ್ಲಿ ಹಸಿರು ಉಳಿಯುವುದುಂಟು.

## ಬೆಳೆಯುವ ಪ್ರದೇಶ

ನಂಜನಗೂಡು ಪಟ್ಟಣವು ಮೈಸೂರಿನ ದಕ್ಷಿಣಕ್ಕೆ ಕಪಿಲಾ (ಕಬಿನಿ) ನದಿಯ ದಡದಲ್ಲಿದ್ದು, ಶ್ರೀಕಂಠೇಶ್ವರ ದೇವಾಲಯಕ್ಕೆ ಪ್ರಸಿದ್ಧವಾಗಿದೆ. ಬದನವಾಳು, ಸುತ್ತೂರು, ಹುಲ್ಲಹಳ್ಳಿ, ದೇವರಸನಹಳ್ಳಿ ಮೊದಲಾದ ಗ್ರಾಮಗಳು ಈ ತಾಲ್ಲೂಕಿನಲ್ಲಿವೆ. ಇವುಗಳಲ್ಲಿ ದೇವರಸನಹಳ್ಳಿಯ ಹೆಸರು ರಸಬಾಳೆಯೊಂದಿಗೆ ವಿಶೇಷವಾಗಿ ಸೇರಿಕೊಂಡಿದೆ. ಕಪಿಲಾ ನದಿಯಿಂದ ಹೊರಡುವ ನಾಲೆಗಳು ತಾಲ್ಲೂಕಿನ ತೋಟ ಮತ್ತು ಗದ್ದೆಗಳಿಗೆ ನೀರುಣಿಸುತ್ತವೆ. ಇಲ್ಲಿನ ಕಪ್ಪು ಜೇಡಿ ಮೆಕ್ಕಲು ಮಣ್ಣಿನ ಗುಣದಿಂದ ಹಣ್ಣಿಗೆ ವಿಶಿಷ್ಟ ರುಚಿ ಬರುತ್ತದೆ ಎಂಬುದು ಬೆಳೆಗಾರರ ನಂಬಿಕೆ. ಹಣ್ಣಿನ ಹೆಸರು ಊರಿನ ಹೆಸರಿನೊಡನೆ ಬೆಸೆದುಕೊಳ್ಳಲು ಇದೂ ಒಂದು ಕಾರಣ.

## ಬೇಸಾಯ

ಕಂದುಗಳ ಆಯ್ಕೆ. ಬಾಳೆಯ ಗೆಡ್ಡೆಯಿಂದ ಎರಡು ಬಗೆಯ ಕಂದುಗಳು ಏಳುತ್ತವೆ. ಬುಡ ದಪ್ಪವಾಗಿದ್ದು ಎಲೆಗಳು ಕತ್ತಿಯಂತೆ ಕಿರಿದಾಗಿರುವ ಕಂದು ನಾಟಿಗೆ ಯೋಗ್ಯ. ಎಳೆಯದರಲ್ಲೇ ಅಗಲ ಎಲೆ ಬಿಟ್ಟಿರುವ ‘ನೀರುಕಂದು’ ತಾಯಿಗೆಡ್ಡೆಗೆ ಸಡಿಲವಾಗಿ ಅಂಟಿಕೊಂಡಿದ್ದು ದುರ್ಬಲವಾಗಿರುತ್ತದೆ. ಸುಮಾರು ಮೂರು ತಿಂಗಳ, 1.5ರಿಂದ 2 ಕಿಲೋಗ್ರಾಂ ತೂಕದ ಕಂದುಗಳನ್ನು ಆರಿಸುತ್ತಾರೆ. ಸೊರಗು ರೋಗ ಕಾಣಿಸಿಕೊಂಡ ತೋಟದ ಕಂದು ಎಷ್ಟೇ ಪುಷ್ಟವಾಗಿ ಕಂಡರೂ ಅದನ್ನು ತರಬಾರದು. ರೋಗಾಣು ಗೆಡ್ಡೆಯೊಳಗೆ ಅಡಗಿ ಹೊಸ ತೋಟಕ್ಕೆ ಸಾಗುತ್ತದೆ.

ನಾಟಿ. ಗೆಡ್ಡೆಯ ಬೇರುಗಳನ್ನೂ ಕೊಳೆತ ಭಾಗಗಳನ್ನೂ ಕೆತ್ತಿ ತೆಗೆದು, ಶಿಲೀಂಧ್ರನಾಶಕದ ದ್ರಾವಣದಲ್ಲಿ ಅದ್ದಿ ನೆಡುವುದು ರೂಢಿ. ಸುಮಾರು 45 ಸೆಂಟಿಮೀಟರ್ ಉದ್ದ, ಅಗಲ, ಆಳದ ಗುಂಡಿಗಳಿಗೆ ಕೊಟ್ಟಿಗೆ ಗೊಬ್ಬರ ಮತ್ತು ಮೇಲ್ಮಣ್ಣು ತುಂಬಲಾಗುತ್ತದೆ. 2.1 ಮೀಟರ್ ಅಂತರದ ಚೌಕಗಳಲ್ಲಿ ನೆಟ್ಟರೆ ಹೆಕ್ಟೇರಿಗೆ ಸುಮಾರು 2,267 ಗಿಡಗಳು ಹಿಡಿಯುತ್ತವೆ.

ಪೋಷಣೆ. ಬಾಳೆಯ ಬೇರುಗಳು ಮೇಲ್ಮಣ್ಣಿನಲ್ಲಿಯೇ ಹರಡುವುದರಿಂದ ಗಿಡಕ್ಕೆ ಪದೇ ಪದೇ ನೀರು ಬೇಕು. ಆದರೆ ಬುಡದಲ್ಲಿ ನೀರು ನಿಲ್ಲಬಾರದು. ಇತರ ಪೋಷಕಾಂಶಗಳಿಗಿಂತ ಪೊಟ್ಯಾಷ್ ಹೆಚ್ಚಾಗಿ ಬೇಕಾಗುತ್ತದೆ. ಗೊನೆ ಹೊರಬರುವವರೆಗೆ ಏಳುವ ಕಂದುಗಳನ್ನು ತೆಗೆಯುತ್ತಿದ್ದು, ಬಳಿಕ ಕೂಳೆ ಬೆಳೆಗಾಗಿ ಒಂದನ್ನು ಮಾತ್ರ ಬಿಡುತ್ತಾರೆ. ಬುಡಕ್ಕೆ ಮಣ್ಣು ಏರಿಸುವುದು ಮತ್ತು ಗೊನೆ ಹೊತ್ತ ಗಿಡಕ್ಕೆ ಊರುಗೋಲು ಕೊಡುವುದು ಅಗತ್ಯ.

ಕೊಯ್ಲು. ಸಿಲ್ಕ್ ಉಪಗುಂಪಿನ ಬಾಳೆಗಳು ನೆಟ್ಟ 14–15 ತಿಂಗಳಿಗೆ ಕೊಯ್ಲಿಗೆ ಬರುತ್ತವೆ. ಕಾಯಿಯ ಏಣುಗಳು ಮಾಸಿ ದುಂಡಗಾಗುವುದು ಬಲಿತುದರ ಗುರುತು. ಮಾಗಿದ ಹಣ್ಣು ಚಿಪ್ಪಿನಿಂದ ಉದುರುವುದರಿಂದ ದೂರದ ಮಾರುಕಟ್ಟೆಗೆ ಬಲಿತ ಕಾಯಿಯನ್ನೇ ಸಾಗಿಸಬೇಕಾಗುತ್ತದೆ. ತಿರುಳಿನಲ್ಲಿ ಮಾಗದೆ ಉಳಿಯುವ ಗಟ್ಟಿ ಗಂಟುಗಳು ಈ ಉಪಗುಂಪಿನ ಹಣ್ಣಿನಲ್ಲಿ ಕಾಣುವ ಒಂದು ದೋಷ.

## ಪನಾಮಾ ಸೊರಗು ರೋಗ

ರಸಬಾಳೆಯ ಇಳಿಮುಖಕ್ಕೆ ಮುಖ್ಯ ಕಾರಣ ಫ್ಯುಸೇರಿಯಂ ಆಕ್ಸಿಸ್ಪೋರಂ ಶಿಲೀಂಧ್ರದ ಕ್ಯೂಬೆನ್ಸ್ ಎಂಬ ಪ್ರಭೇದ. ಮಣ್ಣಿನಲ್ಲಿರುವ ಈ ಶಿಲೀಂಧ್ರವು ಬೇರಿನ ಮೂಲಕ ಗೆಡ್ಡೆಯನ್ನು ಸೇರಿ ನೀರು ಸಾಗಿಸುವ ನಾಳಗಳನ್ನು ಕಟ್ಟಿಬಿಡುತ್ತದೆ.

ಮೊದಲು ಕೆಳಗಿನ ಹಳೆಯ ಎಲೆಗಳು ಅಂಚಿನಿಂದ ಹಳದಿಯಾಗುತ್ತವೆ. ಬಳಿಕ ಎಲೆಗಳು ತೊಟ್ಟಿನ ಬಳಿ ಮುರಿದು ಮಿಥ್ಯಾಕಾಂಡದ ಸುತ್ತ ಜೋತುಬೀಳುತ್ತವೆ. ಮಿಥ್ಯಾಕಾಂಡವು ಬುಡದ ಬಳಿ ಉದ್ದಕ್ಕೆ ಸೀಳುವುದುಂಟು. ಬರಿಯ ನೀರಿನ ಕೊರತೆಯಿಂದ ಬಾಡಿದ ಗಿಡದಿಂದ ಇದನ್ನು ಪ್ರತ್ಯೇಕಿಸಲು ಗೆಡ್ಡೆ ಅಥವಾ ಮಿಥ್ಯಾಕಾಂಡವನ್ನು ಕೊಯ್ದು ನೋಡಬೇಕು: ರೋಗವಿದ್ದರೆ ನಾಳಗಳು ಕೆಂಗಂದು ಬಣ್ಣಕ್ಕೆ ತಿರುಗಿರುತ್ತವೆ.

ಗಿಡ ಸತ್ತ ಮೇಲೂ ಶಿಲೀಂಧ್ರದ ಗಟ್ಟಿ ಕವಚದ ಬೀಜಕಣಗಳು ಮಣ್ಣಿನಲ್ಲಿ ದಶಕಗಳ ಕಾಲ ಬದುಕಿರುತ್ತವೆ. ಕಂದು, ಹರಿಯುವ ನೀರು, ಗುದ್ದಲಿ ಮತ್ತು ನೇಗಿಲಿಗೆ ಅಂಟಿದ ಮಣ್ಣಿನ ಮೂಲಕ ಅವು ಹೊಲದಿಂದ ಹೊಲಕ್ಕೆ ಹರಡುತ್ತವೆ. ರೋಗ ಹಿಡಿದ ಗಿಡವನ್ನು ಗುಣಪಡಿಸುವ ಔಷಧವಿಲ್ಲ.

ಇಪ್ಪತ್ತನೆಯ ಶತಮಾನದ ಮೊದಲಾರ್ಧದಲ್ಲಿ ಇದೇ ರೋಗವು ಮಧ್ಯ ಅಮೆರಿಕದ ರಫ್ತು ತೋಟಗಳಲ್ಲಿದ್ದ ‘ಗ್ರೋ ಮಿಷೆಲ್’ ತಳಿಯನ್ನು ನಾಶಮಾಡಿತು. 1960ರ ದಶಕದ ವೇಳೆಗೆ ಆ ಸ್ಥಾನಕ್ಕೆ ಕ್ಯಾವೆಂಡಿಷ್ ಬಾಳೆಗಳು ಬಂದವು. ಶಿಲೀಂಧ್ರದ ‘ರೇಸ್ 1’ ಬಗೆಯು ಸಿಲ್ಕ್ ಬಾಳೆಗಳನ್ನೂ ಗ್ರೋ ಮಿಷೆಲನ್ನೂ ಬಾಧಿಸುತ್ತದೆ. ಕ್ಯಾವೆಂಡಿಷ್ ಅದನ್ನು ತಡೆದುಕೊಳ್ಳುತ್ತದೆ. ಕ್ಯಾವೆಂಡಿಷ್ ಬಾಳೆಯನ್ನೂ ಕೊಲ್ಲುವ ‘ಟಿಆರ್4’ ಎಂಬ ಬಗೆ ಭಾರತದಲ್ಲಿಯೂ ವರದಿಯಾಗಿದೆ. ರಸಬಾಳೆಯ ಬದಲಿಗೆ ಅನೇಕರು ಬೆಳೆಯುವ ಏಲಕ್ಕಿ ಬಾಳೆಗೂ ಸೊರಗು ರೋಗ ತಗಲುತ್ತದೆ. ಆದ್ದರಿಂದ ತಳಿ ಬದಲಿಸುವುದೊಂದೇ ಪೂರ್ಣ ಪರಿಹಾರವಲ್ಲ.

## ಭೌಗೋಳಿಕ ಸೂಚನೆ

ಸರಕುಗಳ ಭೌಗೋಳಿಕ ಸೂಚನೆಗಳ ಕಾಯ್ದೆಯು 1999ರಲ್ಲಿ ಅಂಗೀಕಾರಗೊಂಡು 2003ರಲ್ಲಿ ಜಾರಿಗೆ ಬಂದಿತು. ಇದರಡಿ ನಂಜನಗೂಡು ಬಾಳೆಯನ್ನು ಕರ್ನಾಟಕ ಸರ್ಕಾರದ ತೋಟಗಾರಿಕೆ ಇಲಾಖೆಯ ಮೂಲಕ ನೋಂದಾಯಿಸಲಾಯಿತು. ಕೊಡಗಿನ ಕಿತ್ತಳೆ ಮತ್ತು ಮೈಸೂರು ವೀಳ್ಯದೆಲೆಗೂ ಅದೇ ಅವಧಿಯಲ್ಲಿ ಮಾನ್ಯತೆ ದೊರೆಯಿತು. ನಿಗದಿತ ಪ್ರದೇಶದ ಹೊರಗೆ ಬೆಳೆದ ಹಣ್ಣನ್ನು ಆ ಹೆಸರಿನಲ್ಲಿ ಮಾರುವುದನ್ನು ಈ ನೋಂದಣಿ ತಡೆಯುತ್ತದೆ. ಆದರೆ ಆ ಪ್ರದೇಶದೊಳಗಿನ ಮಣ್ಣೇ ರೋಗಗ್ರಸ್ತವಾದಾಗ ಬೆಳೆಯನ್ನು ದೂರದ ಹೊಸ ನೆಲಕ್ಕೆ ಒಯ್ದು ನಂಜನಗೂಡಿನ ಹೆಸರಿನಲ್ಲಿ ಮಾರುವ ದಾರಿಯೂ ಇರುವುದಿಲ್ಲ. ಹೀಗಾಗಿ ಹೆಸರಿನ ರಕ್ಷಣೆಯ ಜೊತೆಗೆ ಊರಿನ ಮಣ್ಣಿನ ರಕ್ಷಣೆಯೂ ಅನಿವಾರ್ಯವಾಗುತ್ತದೆ.

## ಬಳಕೆ

ರಸಬಾಳೆಯನ್ನು ಮುಖ್ಯವಾಗಿ ಹಾಗೆಯೇ ತಿನ್ನುತ್ತಾರೆ. ಬಾಳೆಹಣ್ಣು ರಸಾಯನ, ಪಂಚಾಮೃತ ಮತ್ತು ದೇವರ ನೈವೇದ್ಯಕ್ಕೂ ಬಳಕೆಯಾಗುತ್ತದೆ. ಬಾಳೆಯ ಹೂವು ಮತ್ತು ದಿಂಡಿನಿಂದ ಪಲ್ಯ ಮಾಡುತ್ತಾರೆ. ದಿಂಡನ್ನು ಕೋಸಂಬರಿಗೂ ಹೆಚ್ಚಿ ಹಾಕುತ್ತಾರೆ. ಎಲೆಯು ಊಟಕ್ಕೆ, ಪಟ್ಟೆಯ ನಾರು ಹೂ ಕಟ್ಟಲು ಒದಗುತ್ತದೆ.

ಕಾಯಿಯನ್ನು ಮಾಗಿಸಲು ಹುಲ್ಲಿನಲ್ಲಿ ಮುಚ್ಚಿಡುವುದು, ಹೊಗೆ ಹಾಕುವುದು ಹಳೆಯ ಪದ್ಧತಿಗಳು. ಈಗ ನಿಯಂತ್ರಿತ ಪ್ರಮಾಣದ ಎಥಿಲೀನ್ ಅನಿಲವನ್ನೂ ಬಳಸಲಾಗುತ್ತದೆ. ಕ್ಯಾಲ್ಸಿಯಂ ಕಾರ್ಬೈಡ್‌ನಿಂದ ಹಣ್ಣು ಮಾಗಿಸುವುದನ್ನು ಭಾರತದ ಆಹಾರ ಸುರಕ್ಷತಾ ನಿಯಮಗಳು ನಿಷೇಧಿಸಿವೆ.

## ಸಂರಕ್ಷಣೆ

ಅಂಗಾಂಶ ಕೃಷಿಯಲ್ಲಿ ಆರೋಗ್ಯವಂತ ಗಿಡದ ಬೆಳೆಯುವ ತುದಿಯಿಂದ ಪ್ರಯೋಗಾಲಯದಲ್ಲಿ ಸಸಿಗಳನ್ನು ಪಡೆಯಲಾಗುತ್ತದೆ. ಇಂಥ ಸಸಿ ರೋಗಾಣುವಿಲ್ಲದೆ ಹೊಲಕ್ಕೆ ಬರುತ್ತದೆ. ಆದರೆ ಅದು ರೋಗಮುಕ್ತ ಸಸಿಯೇ ಹೊರತು ರೋಗನಿರೋಧಕ ಸಸಿಯಲ್ಲ. ಸೋಂಕಿರುವ ಮಣ್ಣಿನಲ್ಲಿ ನೆಟ್ಟರೆ ಅದಕ್ಕೂ ಸೊರಗು ತಗಲುತ್ತದೆ.

ಈ ಕಾರಣದಿಂದ ಹಲವು ಕ್ರಮಗಳನ್ನು ಒಟ್ಟಿಗೆ ಕೈಗೊಳ್ಳಬೇಕಾಗುತ್ತದೆ: ಬಾಳೆ ಬೆಳೆಯದ ನೆಲದ ಆಯ್ಕೆ, ಭತ್ತದೊಂದಿಗೆ ಬೆಳೆ ಬದಲಾವಣೆ, ರೋಗಪೀಡಿತ ಗಿಡವನ್ನು ಗೆಡ್ಡೆಸಹಿತ ಕಿತ್ತು ಅಲ್ಲಿಯೇ ನಾಶಮಾಡುವುದು, ಉಪಕರಣಗಳನ್ನು ತೊಳೆಯುವುದು, ಒಂದು ತೋಟದ ನೀರು ಮತ್ತೊಂದಕ್ಕೆ ಹರಿಯದಂತೆ ನೋಡಿಕೊಳ್ಳುವುದು, ಕೊಟ್ಟಿಗೆ ಗೊಬ್ಬರದೊಡನೆ ಟ್ರೈಕೋಡರ್ಮಾದಂಥ ಜೈವಿಕ ಶಿಲೀಂಧ್ರವನ್ನು ಮಣ್ಣಿಗೆ ಸೇರಿಸುವುದು. ನೆರೆಹೊರೆಯ ತೋಟಗಳೆಲ್ಲ ಇವನ್ನು ಪಾಲಿಸಿದಾಗ ಮಾತ್ರ ಫಲ ಹೆಚ್ಚು. ಬಾಳೆಯ ತಳಿಗಳು ಮತ್ತು ರೋಗಗಳ ಸಂಶೋಧನೆಗಾಗಿ 1993ರಲ್ಲಿ ತಮಿಳುನಾಡಿನ ತಿರುಚಿರಾಪಳ್ಳಿಯಲ್ಲಿ ರಾಷ್ಟ್ರೀಯ ಬಾಳೆ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. ನಂಜನಗೂಡು ತಾಲ್ಲೂಕಿನ ಸುತ್ತೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ.