ನಾರುಹುಣ್ಣು ಊರು ಬಿಟ್ಟ ಬಗೆ

ಔಷಧವೂ ಇಲ್ಲದ, ಲಸಿಕೆಯೂ ಇಲ್ಲದ ರೋಗವೊಂದು ಭಾರತದಿಂದ ಪೂರ್ತಿಯಾಗಿ ತೊಲಗಿದೆ. ಸಿಡುಬು ಹೋದ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ನಾರುಹುಣ್ಣು ಹೋದ ಕಥೆಯನ್ನು ಬಲ್ಲವರು ಕಡಿಮೆ. ಕಲಬುರಗಿ, ರಾಯಚೂರು ಕಡೆಯ ಒಣನೆಲದ ಹಳ್ಳಿಗಳಲ್ಲಿ ಮಾತ್ರ ಈ ಹೆಸರು ಕೇಳಿದೊಡನೆ ಕಾಲು ನೀವಿಕೊಳ್ಳುವ ಹಿರಿಯರು ಇನ್ನೂ ಇದ್ದಾರು.

ನಾರುಹುಣ್ಣು ಎಂಬುದು ಹುಳುವಿನ ಬಾಧೆ. ಎರಡು ಮೊಳದವರೆಗೂ ಬೆಳೆಯುವ, ದಾರದಂಥ ಹೆಣ್ಣುಹುಳು ಚರ್ಮದಡಿ ಸರಿಯುತ್ತ ಸಾಮಾನ್ಯವಾಗಿ ಪಾದಕ್ಕೋ ಮೀನಖಂಡಕ್ಕೋ ಬಂದು ಗುಳ್ಳೆ ಎಬ್ಬಿಸುತ್ತದೆ. ಗುಳ್ಳೆ ಒಡೆದಾಗ ಬಿಳಿಯ ನಾರಿನ ತುದಿಯಂತೆ ಇಣುಕುತ್ತದೆ. ಎಳೆದು ತೆಗೆದುಬಿಡೋಣವೆಂದರೆ ಆಗದು; ನಡುವೆ ತುಂಡಾದರೆ ಕಾಲು ಬಾತು ಕೀವಾಗುತ್ತದೆ. ಆದ್ದರಿಂದ ಸಣ್ಣ ಕಡ್ಡಿಗೆ ಸುತ್ತಿ, ದಿನಕ್ಕೆ ಒಂದೆರಡು ಅಂಗುಲದಂತೆ ವಾರಗಟ್ಟಲೆ ಹೊರಗೆಳೆಯಬೇಕು. ಸಾವಿರಾರು ವರ್ಷಗಳ ಹಿಂದಿನ ಈ ಉಪಾಯಕ್ಕಿಂತ ಉತ್ತಮವಾದುದು ಆಧುನಿಕ ವೈದ್ಯಕ್ಕೂ ದೊರೆತಿಲ್ಲ. ಈಜಿಪ್ಟಿನ ಮಮ್ಮಿಯೊಂದರಲ್ಲಿ ಈ ಹುಳು ಸಿಕ್ಕಿದೆ. ಸಂಸ್ಕೃತದ ವೈದ್ಯಗ್ರಂಥಗಳು ಇದನ್ನು ‘ಸ್ನಾಯುಕ’ ಎಂದು ಕರೆದಿವೆ. ಪ್ರಾಣ ಹೋಗುವುದು ಅಪರೂಪ. ಆದರೆ ರೋಗ ಬರುವ ಹೊತ್ತು ಕ್ರೂರವಾದದ್ದು. ಬೇಸಿಗೆಯ ಕೊನೆ, ಮುಂಗಾರಿನ ಮೊದಲು. ಹೊಲ ಹದವಾಗಿರುವಾಗ ರೈತ ಜಗುಲಿಯ ಮೇಲೆ ಕಾಲು ಚಾಚಿ ಕೂರಬೇಕು.

ಹುಳು ಒಳಹೊಕ್ಕಿದ್ದು ಎಲ್ಲಿಂದ? 1870ರಲ್ಲಿ ರಷ್ಯದ ನಿಸರ್ಗವಿಜ್ಞಾನಿ ಅಲೆಕ್ಸಿ ಫೆಡ್ಚೆಂಕೊ ತುರ್ಕಿಸ್ತಾನದಲ್ಲಿ ಇದರ ಗುಟ್ಟನ್ನು ಬಿಡಿಸಿದ. ನಿಂತ ನೀರಿನಲ್ಲಿ ಸೈಕ್ಲಾಪ್ಸ್ ಎಂಬ, ಬರಿಗಣ್ಣಿಗೆ ಚುಕ್ಕೆಯಷ್ಟೇ ಕಾಣುವ ಜೀವಿ ಇರುತ್ತದೆ. ನಾರುಹುಳುವಿನ ಮರಿಗಳು ಅದರ ಹೊಟ್ಟೆ ಸೇರುತ್ತವೆ. ಆ ನೀರು ಕುಡಿದವನ ಮೈಯಲ್ಲಿ ಹುಳು ಸುಮಾರು ಒಂದು ವರ್ಷ ಸದ್ದಿಲ್ಲದೆ ಬೆಳೆಯುತ್ತದೆ. ಗುಳ್ಳೆ ಎದ್ದು ಉರಿ ತಾಳಲಾರದೆ ಅವನು ಕಾಲನ್ನು ನೀರಿಗಿಳಿಸಿದ ಕೂಡಲೇ ಹುಳು ಲಕ್ಷಗಟ್ಟಲೆ ಮರಿಗಳನ್ನು ಅಲ್ಲಿ ಬಿಡುತ್ತದೆ.

ಈ ಚಕ್ರಕ್ಕೆ ಹೇಳಿ ಮಾಡಿಸಿದಂತಿದ್ದುದು ಮೆಟ್ಟಿಲುಬಾವಿ. ರಾಜಸ್ಥಾನದ ಬಾವಡಿ, ಗುಜರಾತಿನ ವಾವ್, ನಮ್ಮ ಬಯಲುಸೀಮೆಯ ಇಳಿಬಾವಿ, ಎಲ್ಲವೂ ಒಂದೇ ಕುಲ. ನೀರು ಎಷ್ಟು ಕೆಳಗಿಳಿದರೂ ಹಗ್ಗವಿಲ್ಲದೆ ಇಳಿದು ಕೊಡ ತುಂಬಬಹುದೆಂಬುದು ಅದರ ಗುಣ. ಅದೇ ಅದರ ದೋಷವೂ ಹೌದು, ಏಕೆಂದರೆ ನೀರು ತುಂಬುವವರ ಕಾಲು ನೀರಿನಲ್ಲೇ ಇರುತ್ತದೆ.

1980ರ ದಶಕದ ಆರಂಭದಲ್ಲಿ ಭಾರತ ಸರ್ಕಾರ ನಾರುಹುಣ್ಣು ನಿರ್ಮೂಲನ ಕಾರ್ಯಕ್ರಮ ಕೈಗೆತ್ತಿಕೊಂಡಿತು. 1984ರ ಲೆಕ್ಕದಂತೆ 12,000ಕ್ಕೂ ಹೆಚ್ಚು ಹಳ್ಳಿಗಳಲ್ಲಿ ಸುಮಾರು 40,000 ರೋಗಿಗಳಿದ್ದರು. ರಾಜಸ್ಥಾನ, ಮಧ್ಯಪ್ರದೇಶ, ಆಂಧ್ರ, ಮಹಾರಾಷ್ಟ್ರ, ಗುಜರಾತಿನ ಜೊತೆಗೆ ಕರ್ನಾಟಕವೂ ಪೀಡಿತ ರಾಜ್ಯಗಳ ಪಟ್ಟಿಯಲ್ಲಿತ್ತು.

ವೈದ್ಯರು ಸೂಜಿ ಚುಚ್ಚಿ ಹೋಗುವಂಥ ಕೆಲಸ ಇದಾಗಿರಲಿಲ್ಲ. ನೀರು ತರುವವರು, ನೀರು ಕುಡಿಯುವವರು ತಾವೇ ಬದಲಾಗಬೇಕಿತ್ತು. ಅವರು ಒಪ್ಪದೆ ಹೋದದ್ದಕ್ಕೆ ಅಜ್ಞಾನ ಎಂದು ಹೆಸರಿಟ್ಟು ಕೈತೊಳೆದುಕೊಂಡವರು ಉಂಟು. ಆದರೆ ಇಂದು ಕುಡಿದ ನೀರಿಗೂ ಮುಂದಿನ ವರ್ಷ ಬರುವ ಹುಣ್ಣಿಗೂ ನಂಟಿದೆಯೆಂದು ಯಾರಾದರೂ ಹೇಗೆ ನಂಬಿಯಾರು? ಅಜ್ಜ, ಮುತ್ತಜ್ಜ ಕುಡಿದ ನೀರು ಅದು. ಗಂಗೆಯೆಂದು ಪೂಜಿಸಿದ ನೀರು. ಅದಕ್ಕೆ ಸೈಕ್ಲಾಪ್ಸ್ ಕೊಲ್ಲುವ ಟೆಮೆಫಾಸ್ ಔಷಧ ಸುರಿಯುತ್ತೇವೆಂದರೆ ಅನುಮಾನಪಡುವುದು ಸಹಜವೇ. ಭಾಷಣಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಗಾಜಿನ ಲೋಟ. ಅವರದೇ ಬಾವಿಯ ನೀರನ್ನು ಬೆಳಕಿಗೆ ಹಿಡಿದು, ಒಳಗೆ ಚಿಮ್ಮಿ ಓಡಾಡುವ ಚುಕ್ಕೆಗಳನ್ನು ಭೂತಗನ್ನಡಿಯಲ್ಲಿ ತೋರಿಸಿದಾಗ ಮಾತು ಬೇಕಾಗಲಿಲ್ಲ.

ಉಪಾಯಗಳೇನೋ ಸರಳ. ನೀರನ್ನು ಒತ್ತಾಗಿ ನೇಯ್ದ ಬಟ್ಟೆಯನ್ನು ಮಡಿಸಿ ಸೋಸುವುದು. ಜೈನರು ಜೀವದಯೆಗಾಗಿ ನೀರು ಸೋಸುತ್ತ ಬಂದವರು. ರಾಜಸ್ಥಾನದ ಬಿಷ್ಣೋಯಿಗಳ ಇಪ್ಪತ್ತೊಂಬತ್ತು ನಿಯಮಗಳಲ್ಲಿಯೂ ಅದುಂಟು. ನೀರಿನ ಹುಳುವನ್ನು ಉಳಿಸಲೆಂದು ಹುಟ್ಟಿದ ಪದ್ಧತಿಯೇ ಮನುಷ್ಯನನ್ನು ಹುಳುವಿನಿಂದ ಕಾಯಬಲ್ಲದಾಗಿತ್ತು. ಎರಡನೆಯದು, ಹುಣ್ಣಾದವರು ನೀರಿಗಿಳಿಯದಿರುವುದು. ಅವರ ಮನೆಗೆ ನೆರೆಯವರು ಕೊಡ ತುಂಬಿಕೊಟ್ಟರೆ ಮಾತ್ರ ಇದು ನಡೆಯುತ್ತದೆ. ಕೇರಿ ಕೇರಿಗಳ ನಡುವೆ ನೀರಿನ ಮಡಿ ಇದ್ದ ಊರುಗಳಲ್ಲಿ ಇದು ಸಣ್ಣ ಬೇಡಿಕೆಯಲ್ಲ. ಮೂರನೆಯದು, ಮೆಟ್ಟಿಲುಗಳನ್ನು ಮುಚ್ಚಿ ಕಟ್ಟೆ ಕಟ್ಟಿ ಸೇದುವ ಬಾವಿ ಮಾಡುವುದು, ಇಲ್ಲವೇ ಕೊಳವೆಬಾವಿ ತೋಡಿ ಕೈಪಂಪು ಹಾಕುವುದು.

ಕೈಪಂಪಿನ ವಿಷಯದಲ್ಲಿ ಕಲಿಯಬೇಕಾದ ಪಾಠವೊಂದಿತ್ತು. ಪಂಪು ಕೆಟ್ಟು, ಪಟ್ಟಣದ ಮೆಕ್ಯಾನಿಕ್ ಬರುವುದು ತಡವಾದರೆ ಊರು ಮತ್ತೆ ಹಳೆಯ ಬಾವಿಗೇ ಇಳಿಯುತ್ತದೆ. ವರ್ಷದ ಶ್ರಮ ಒಂದು ವಾರದಲ್ಲಿ ನೀರುಪಾಲು. ದಕ್ಷಿಣ ರಾಜಸ್ಥಾನದ ಬಾಂಸವಾಡಾ, ಡುಂಗರ್‌ಪುರ, ಉದಯಪುರ ಜಿಲ್ಲೆಗಳಲ್ಲಿ ಯುನಿಸೆಫ್ ನೆರವಿನ ‘ಸ್ವಚ್’ ಯೋಜನೆ ಹಳ್ಳಿಯ ಹೆಂಗಸರಿಗೇ ಪಂಪು ರಿಪೇರಿ ಕಲಿಸಿತು. ಪಂಪು ನಿಂತರೆ ಮೊದಲು ಸೊಂಟ ನೋಯುವುದು ಅವರದೇ. ಸ್ಪ್ಯಾನರ್ ಅವರ ಕೈಗೇ ಹೋದದ್ದು ಇಡೀ ಕಾರ್ಯಕ್ರಮದ ಅತ್ಯಂತ ವಿವೇಕದ ಹೆಜ್ಜೆಯೆನ್ನಬೇಕು.

ಮಧ್ಯ ಏಷ್ಯಾದ ಬುಖಾರಾ ನಗರದಲ್ಲಿ ಸೋವಿಯತ್ ಆಡಳಿತ 1930ರ ದಶಕದ ಆರಂಭದಷ್ಟರಲ್ಲೇ ಈ ರೋಗವನ್ನು ತೊಲಗಿಸಿತ್ತು. ಅಲ್ಲಿ ಮೆಟ್ಟಿಲುಕೊಳಗಳನ್ನು ಬತ್ತಿಸಲು ಸರ್ಕಾರದ ಆಜ್ಞೆ ಸಾಕಾಗಿತ್ತು. ಸಾವಿರಾರು ಹಳ್ಳಿಗಳಲ್ಲಿ ಚದುರಿದ್ದ ಇಲ್ಲಿನ ಬಾವಿಗಳಿಗೆ ಆ ದಾರಿ ನಡೆಯುವಂತಿರಲಿಲ್ಲ.

ಕೊನೆಯ ಹಂತವೇ ಕಷ್ಟದ್ದು. ರೋಗಿಗಳು ವಿರಳವಾದಷ್ಟೂ ಹುಡುಕಾಟ ಹೆಚ್ಚಬೇಕು. ಮನೆ ಮನೆ ತಪಾಸಣೆ ನಡೆಯಿತು; ರೋಗಿಯ ಸುಳಿವು ಕೊಟ್ಟವರಿಗೆ ನಗದು ಬಹುಮಾನ ಘೋಷಣೆಯಾಯಿತು. ದೇಶದ ಕೊನೆಯ ರೋಗಿ 1996ರ ಜುಲೈನಲ್ಲಿ ರಾಜಸ್ಥಾನದ ಜೋಧ್‌ಪುರ ಜಿಲ್ಲೆಯಲ್ಲಿ ಪತ್ತೆಯಾದರು. ಮೂರು ವರ್ಷಕ್ಕೂ ಮೇಲ್ಪಟ್ಟು ಕಾದು, 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣುಮುಕ್ತವೆಂದು ಪ್ರಮಾಣೀಕರಿಸಿತು.

ಜಗತ್ತಿನಲ್ಲಿ 1986ರ ಸುಮಾರಿಗೆ ವರ್ಷಕ್ಕೆ 35 ಲಕ್ಷ ಮಂದಿಯನ್ನು ಕಾಡುತ್ತಿದ್ದ ಈ ರೋಗ 2021ರಿಂದ 2024ರವರೆಗೆ ಯಾವ ವರ್ಷವೂ ಇಪ್ಪತ್ತು ಜನರನ್ನು ಮುಟ್ಟಿಲ್ಲ. ಉಳಿದಿರುವುದು ಆಫ್ರಿಕದ ಕೆಲವೇ ದೇಶಗಳಲ್ಲಿ. ಅಲ್ಲಿಯೂ ಹೊಸ ತೊಡಕು: ಚಾಡ್ ದೇಶದಲ್ಲಿ ಹುಳು ನಾಯಿಗಳಲ್ಲಿ ನೆಲೆ ಕಂಡುಕೊಂಡಿದೆ. ನಾಯಿಗಳು ನೀರಿಗಿಳಿಯದಂತೆ ಕಟ್ಟಿಹಾಕುವುದು, ಮೀನಿನ ಕರುಳನ್ನು ಅವುಗಳ ಬಾಯಿಗೆ ಸಿಗದಂತೆ ಹೂಳುವುದು ಈಗ ಅಲ್ಲಿನ ಹಳ್ಳಿಗರ ಪಾಲಿನ ಕೆಲಸ.