ಸೂತ್ರದಿಂದ ಪದಶೋಧನೆ

ಕೊಯಮತ್ತೂರಿನಿಂದ ಶರವಣಂಪಟ್ಟಿಯ ಮೇಲೆ ಹಾದುಹೋಗುವ ಹೆದ್ದಾರಿಯು ಸತ್ಯಮಂಗಲವನ್ನು ದಾಟಿ, ದಿಂಬಂ ಘಾಟಿಯನ್ನೇರಿ, ಚಾಮರಾಜನಗರವನ್ನು ಸೇರುತ್ತದೆ. ೧೯೫೬ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೇ ಸೇರಿದ್ದಿತು. ಗಡಿ ಸರಿದರೂ ಜನರ ನುಡಿ ಸರಿಯಲಿಲ್ಲ. ಈ ಸೀಮೆಯ ದೇವಾಂಗ ನೇಕಾರರಲ್ಲಿಯೂ ಒಕ್ಕಲಿಗರಲ್ಲಿಯೂ ಕನ್ನಡವು ಅನೇಕರಿಗೆ ಇಂದಿಗೂ ಮನೆಮಾತು. ಆದರೆ ಅದನ್ನಾಡುವ ಮಕ್ಕಳಲ್ಲಿ ಹಲವರು ಕನ್ನಡ ಲಿಪಿಯನ್ನು ಕಲಿಯದೆ, ತಮಿಳು ಇಂಗ್ಲಿಷುಗಳಲ್ಲಿಯೇ ಓದಿ ಮುಗಿಸುತ್ತಾರೆ. ಹಿರಿಯರ ಬಾಯಲ್ಲಿರುವ ಮಗ್ಗದ ಮಾತು, ಹೊಲದ ಮಾತು, ಅಡಿಗೆಮನೆಯ ಮಾತು ಅವರೊಡನೆಯೇ ಮರೆಯಾಗುವ ಸಂಭವವುಂಟು. ಅವನ್ನು ಬರೆದಿಡುವುದು ಉಪಾಧ್ಯಾಯರಾದ ನಮ್ಮ ಮೊದಲ ಕರ್ತವ್ಯ. ಬರೆದಿಟ್ಟುದರೊಳಗಿಂದ ಬೇಕಾದುದನ್ನು ಹುಡುಕಿ ತೆಗೆಯುವುದು ಎರಡನೆಯದು. ಈ ಎರಡನೆಯ ಕೆಲಸಕ್ಕೆ ಒದಗುವ ಒಂದು ಸಾಧನವನ್ನು ಇಲ್ಲಿ ವಿವರಿಸುತ್ತೇನೆ.

ಸಾಲಿಗೊಂದರಂತೆ ಪದಗಳನ್ನು ಬರೆದಿರುವ ಕಡತವೊಂದು ಕಂಪ್ಯೂಟರಿನಲ್ಲಿ ಇದೆಯೆನ್ನೋಣ. ಅಕಾರಾದಿ ನಿಘಂಟು ಪದದ ಮೊದಲಕ್ಷರ ತಿಳಿದವನಿಗೆ ನೆರವಾಗುತ್ತದೆ. 'ಇಂಥ ಅಕ್ಷರಗಳಲ್ಲಿ ಮುಗಿಯುವ ಪದಗಳು ಯಾವುವು?' ಎಂದರೆ ಅದು ಮೌನ ತಾಳುತ್ತದೆ. ಅಂಥ ಪ್ರಶ್ನೆಗೆ ಉತ್ತರ ಕೊಡಿಸುವುದು ರೆಗ್ಯುಲರ್ ಎಕ್ಸ್‌ಪ್ರೆಷನ್. ಪದವನ್ನೇ ಹೇಳದೆ ಪದದ ರೂಪವನ್ನು ಸಂಕೇತಗಳಿಂದ ಹೇಳುವ ಕ್ರಮವಿದು. ೧೩ನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದ ಸೂತ್ರಗಳನ್ನು ಕಂದಪದ್ಯಗಳಲ್ಲಿ ಅಡಕಮಾಡಿದನು. ಒಂದು ಸೂತ್ರದಿಂದ ನೂರು ಪದಗಳನ್ನು ಹಿಡಿಯುವ ಬಗೆಯನ್ನು ಬಲ್ಲ ಕನ್ನಡ ಪಂಡಿತನಿಗೆ ಇದು ಪರಕೀಯವೆನಿಸದು. ಆದಕಾರಣ ಇದನ್ನು 'ಮಾದರಿಸೂತ್ರ'ವೆಂದು ಕರೆಯುತ್ತೇನೆ.

ಇದರ ಗಣಿತವನ್ನು ಅಮೆರಿಕದ ಸ್ಟೀಫನ್ ಕ್ಲೇನಿ ೧೯೫೬ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ನಿರೂಪಿಸಿದರು. ಪಠ್ಯವನ್ನು ಶೋಧಿಸಲು ಅದನ್ನು ಬಳಸುವ ವಿಧಾನವನ್ನು ಕೆನ್ ಥಾಂಪ್ಸನ್ ೧೯೬೮ರಲ್ಲಿ ಪ್ರಕಟಿಸಿದರು. ಅವರೇ ಬೆಲ್ ಪ್ರಯೋಗಾಲಯದ ಯುನಿಕ್ಸ್ ವ್ಯವಸ್ಥೆಗಾಗಿ ರಚಿಸಿದ ಗ್ರೆಪ್ ಎಂಬ ಆಜ್ಞೆಯು ೧೯೭೩ರಿಂದ ಬಳಕೆಯಲ್ಲಿದೆ. ಲಿನಕ್ಸ್ ಮತ್ತು ಮ್ಯಾಕ್ ಯಂತ್ರಗಳಲ್ಲಿ ಅದು ಸಿದ್ಧವಾಗಿಯೇ ಇರುತ್ತದೆ. ಬೇರೆ ಬೆಲೆ ತೆರಬೇಕಾಗಿಲ್ಲ.

ಟರ್ಮಿನಲ್ ಎಂಬ ಕಿಟಕಿಯನ್ನು ತೆರೆದು ಹೀಗೆ ಬರೆಯಬೇಕು:

ಗ್ರೆಪ್ -ಇ 'ಪಟ್ಟಿ$' ಊರುಗಳು

ಮೊದಲನೆಯದು ಆಜ್ಞೆಯ ಹೆಸರು. ಕೊನೆಯದು ಕಡತದ ಹೆಸರು. ಉದ್ಧರಣ ಚಿಹ್ನೆಗಳ ನಡುವೆ ಇರುವುದು ಸೂತ್ರ. ಆಜ್ಞೆಯನ್ನೂ ಅಡ್ಡಗೆರೆಯ ಮುಂದಿನ ಅಕ್ಷರವನ್ನೂ ರೋಮನ್ ಲಿಪಿಯಲ್ಲಿ ಒತ್ತಬೇಕು. ಆ 'ಇ' ದೊಡ್ಡಕ್ಷರವಾಗಿರಬೇಕು. ಮುಂದೆ ಹೇಳುವ ಚಿಹ್ನೆಗಳೆಲ್ಲ ಕೆಲಸ ಮಾಡುವುದಕ್ಕೆ ಅದು ಅಗತ್ಯ.

ಮುಖ್ಯ ಚಿಹ್ನೆಗಳು ಐದು. ^ ಎಂದರೆ ಸಾಲಿನ ಆದಿ. $ ಎಂದರೆ ಸಾಲಿನ ಅಂತ್ಯ. ಚುಕ್ಕೆ ಎಂದರೆ ಯಾವುದಾದರೂ ಒಂದು ಸಂಕೇತ. ? ಎಂದರೆ ಅದರ ಹಿಂದಿನದು ಇರಬಹುದು, ಇಲ್ಲದಿರಲೂ ಬಹುದು. | ಎಂದರೆ ಇದು ಅಥವಾ ಅದು. ಮೇಲಿನ ಸೂತ್ರಕ್ಕೆ ಶರವಣಂಪಟ್ಟಿ, ಚಿನ್ನವೇಡಂಪಟ್ಟಿ, ಉಸಿಲಂಪಟ್ಟಿ ಎಂಬಿವು ಸಿಕ್ಕುತ್ತವೆ. ಒಂದೇ ಪ್ರತ್ಯಯವನ್ನು ಬರಹಗಾರರು ಪಾಳಯ, ಪಾಳಯಂ, ಪಾಳ್ಯ, ಪಾಳ್ಯಂ ಎಂದು ನಾಲ್ಕು ಬಗೆಯಾಗಿ ಬರೆದಿದ್ದರೆ 'ಪಾಳ್?ಯಂ?$' ಎಂಬ ಒಂದೇ ಸೂತ್ರ ನಾಲ್ಕನ್ನೂ ಹಿಡಿಯುತ್ತದೆ.

ಇಲ್ಲಿ ಕನ್ನಡಿಗನು ಎಚ್ಚರ ವಹಿಸಬೇಕಾದ ವಿಷಯವೊಂದಿದೆ. ನಾವು ಅಕ್ಷರವೆನ್ನುವುದನ್ನು ಯಂತ್ರವು ಅಕ್ಷರವೆನ್ನುವುದಿಲ್ಲ. ಯುನಿಕೋಡ್ ಪದ್ಧತಿಯಲ್ಲಿ 'ಕಿ' ಎಂಬುದು ಕಕಾರ ಮತ್ತು ಗುಡಿಸು, ಹೀಗೆ ಎರಡು ಸಂಕೇತ. 'ಕ್ಷ' ಎಂಬುದು ಕಕಾರ, ಹಲಂತ ಚಿಹ್ನೆ, ಷಕಾರ, ಹೀಗೆ ಮೂರು. ಎರಡಕ್ಷರದ ಪದಗಳು ಬೇಕೆಂದು '^..$' ಎಂದು ಬರೆದರೆ 'ಮನ' ಸಿಕ್ಕುತ್ತದೆ, 'ಹಾಲು' ಸಿಕ್ಕದು. ಹಾಲಿನಲ್ಲಿ ಇರುವ ಸಂಕೇತಗಳು ನಾಲ್ಕು. ಇದೇ ಕ್ರಮ ಬೇರೊಂದೆಡೆ ಉಪಕಾರಿ. ತಮಿಳಿನ ಉಚ್ಚಾರದಂತೆ ಮೇಟ್ಟುಪ್ಪಾಳಯಂ ಎಂದು ಬರೆದಿದ್ದರೂ ಮೇಲಿನ ಸೂತ್ರ ಅದನ್ನು ಬಿಡದು. ಕಣ್ಣಿಗೆ ಒತ್ತಕ್ಷರವಾಗಿ ಕಾಣುವ 'ಪ್ಪಾ' ಯಂತ್ರದಲ್ಲಿ ಪಕಾರ, ಹಲಂತ, ಮತ್ತೆ ಪಕಾರ, ದೀರ್ಘ ಎಂದು ಬಿಡಿಬಿಡಿಯಾಗಿಯೇ ಇರುತ್ತದೆ.

ಇನ್ನೂ ಎರಡು ತೊಡಕುಗಳುಂಟು. 'ರಾಜ್‌ಕುಮಾರ್' ಎಂದು ಒತ್ತಕ್ಷರವಾಗದಂತೆ ಬರೆಯುವಾಗ ನಡುವೆ ಕಣ್ಣಿಗೆ ಕಾಣದ ಸಂಕೇತವೊಂದು ಕೂಡಿಕೊಳ್ಳುತ್ತದೆ. ಅದಿಲ್ಲದ ಸೂತ್ರಕ್ಕೆ ಆ ಹೆಸರು ದೊರೆಯದು. ಎರಡನೆಯದಾಗಿ, ಯುನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟುಗಳ ಕಡತಗಳಲ್ಲಿ ಇರುವುದು ಅಕ್ಷರದ ಆಕಾರಗಳ ಸಂಖ್ಯೆಗಳು. ಅವನ್ನು ಮೊದಲು ಯುನಿಕೋಡಿಗೆ ಪರಿವರ್ತಿಸದೆ ಶೋಧನೆ ಸಾಗದು.

ಸಾಧನದ ಬಲವನ್ನೂ ಮಿತಿಯನ್ನೂ ಒಂದು ಉದಾಹರಣೆಯಿಂದ ತೋರಿಸಬಹುದು. ಹಳಗನ್ನಡದ ಪಕಾರವು ಮುಂದೆ ಹಲವೆಡೆ ಹಕಾರವಾಯಿತೆಂಬುದು ಸರ್ವವಿದಿತ. ಪಾಲ್ ಎಂಬುದು ಹಾಲು ಆಯಿತು. '^(ಪಾ|ಹಾ)ಲು$' ಎಂದರೆ ಎರಡು ರೂಪಗಳೂ ಒಟ್ಟಿಗೆ ಬರುತ್ತವೆ. ಆದರೆ ಈ ಸೀಮೆಯಲ್ಲಿ ಸಿಕ್ಕಿದ 'ಪಾಲು' ಎಂಬುದು ಹಳಗನ್ನಡದ ಉಳಿಕೆಯೋ, ತಮಿಳಿನ ಪಾಲ್ ಎಂಬುದರ ಪ್ರಭಾವವೋ, ಅಥವಾ ಹಂಚಿಕೆಯ ಪಾಲೋ? ಸೂತ್ರವು ರೂಪವನ್ನು ಬಲ್ಲುದು, ಅರ್ಥವನ್ನು ಅರಿಯದು. ಆದುದರಿಂದ ಪ್ರತಿ ಸಾಲಿನಲ್ಲಿಯೂ ಪದ, ಅರ್ಥ, ಊರು, ಹೇಳಿದವರ ವಯಸ್ಸು, ಬಳಸಿದ ವಾಕ್ಯ ಇವನ್ನು ಅಲ್ಪವಿರಾಮದಿಂದ ಬೇರ್ಪಡಿಸಿ ಬರೆಯಬೇಕು. ಆಗ ಪದವು ಸಾಲಿನ ಅಂತ್ಯದಲ್ಲಿ ಇರುವುದಿಲ್ಲವಾದ್ದರಿಂದ $ ಚಿಹ್ನೆಯ ಬದಲು ಅಲ್ಪವಿರಾಮವನ್ನೇ ಇಟ್ಟು '^(ಪಾ|ಹಾ)ಲು,' ಎಂದು ಕೇಳಬೇಕು. ಉತ್ತರವಾಗಿ ಬರುವುದು ಬರಿಯ ಪದವಲ್ಲ, ತೀರ್ಮಾನಕ್ಕೆ ಬೇಕಾದ ಆಧಾರವೂ ಕೂಡಿದ ಇಡಿಯ ಸಾಲು.

ದೊಡ್ಡ ಗ್ರಂಥಾಲಯಗಳಿಂದ ದೂರವಿರುವ ಗಡಿನಾಡಿನ ಉಪಾಧ್ಯಾಯನಿಗೆ ಸಂಶೋಧನೆ ಎಟುಕದೆಂಬ ಭಾವನೆ ನಮ್ಮಲ್ಲಿದೆ. ಗ್ರಂಥಗಳು ದೂರವಿರಬಹುದು, ನುಡಿಯು ನಮ್ಮ ನೆರೆಯಲ್ಲಿಯೇ ಇದೆ. ಒಬ್ಬೊಬ್ಬರು ತಮ್ಮ ಊರಿನ ನೂರು ಪದಗಳನ್ನು ಒಂದೇ ಕ್ರಮದಲ್ಲಿ ಬರೆದು ಕೂಡಿಸಿದರೂ, ಐವತ್ತು ಮಂದಿಯಿಂದ ಐದು ಸಾವಿರ ಸಾಲುಗಳಾಗುತ್ತವೆ. ಅಷ್ಟನ್ನು ಶೋಧಿಸಲು ಯಂತ್ರಕ್ಕೆ ಕ್ಷಣಮಾತ್ರ ಸಾಕು. ಆದರೆ ಹಿರಿಯರೆದುರು ಕುಳಿತು ಅವರ ಮಾತನ್ನು ಕೇಳಿ ಬರೆದುಕೊಳ್ಳುವ ಕೆಲಸವನ್ನು ಯಾವ ಯಂತ್ರವೂ ನಮ್ಮ ಬದಲಿಗೆ ಮಾಡದು; ಅದಕ್ಕೆ ಉಳಿದಿರುವ ಕಾಲವೂ ಬಹಳವಿಲ್ಲ.